ಜೀಪಿನ ಕೆಳಗಿನ ಧೋತರ

ಮೌಲಾಸಾಬ ಮಿಸ್ತ್ರಿಯವರ ಹತ್ತಿರ ಗಾಡಿ ಬಿಡಲು ಹೋದವರು ಗಾಡಿಯ ಜೊತೆಗೆ ಒಂದು ಬಿಳಿ ಧೋತರವನ್ನೂ ಒಯ್ಯಬೇಕಿತ್ತು. ಒಗೆದು, ನೀಲಿ ಹಾಕಿ, ಒಣಗಿಸಿ ಮಡಿಚಿದ ಧೋತರ. ಹರಿದಿದ್ದರೆ ನಡೆಯುತ್ತಿತ್ತು, ಹೊಲಸಾಗಿದ್ದರೆ ನಡೆಯುತ್ತಿರಲಿಲ್ಲ. ದಿನವಿಡೀ ಗಾಡಿಯ ಕೆಲಸ ಮಾಡಿ, ಹೊತ್ತು ಮುಳುಗುವ ಮುಂಚೆ ಆ ಧೋತರವನ್ನು ಗಾಡಿಯ ಕೆಳಗೆ ಉದ್ದಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಬ್ರೇಕಿನ ಪೆಡಲು ಒತ್ತಿಕೊಂಡೇ ಇರುವ ಹಾಗೆ ಸೀಟಿಗೂ ಪೆಡಲಿಗೂ ನಡುವೆ ಒಂದು ಜಾಲಿ ಕಟ್ಟಿಗೆ ಸಿಗಿಸಿ, ಮನೆಗೆ ಹೋಗಿಬಿಡುತ್ತಿದ್ದರು. ಮರುದಿನ ಮುಂಜಾನೆ ಧೋತರ ಎಳೆದು, ಬಿಸಿಲಿಗೆ ಹಿಡಿದು ಓದುತ್ತಿದ್ದರು. ಓದುತ್ತಿದ್ದರು ಅಂತಲೇ ಹೇಳಬೇಕು. ಕರಿ ಚುಕ್ಕೆ ಬಿದ್ದಿದ್ದರೆ ಇಂಜಿನ್ ಎಣ್ಣೆ. ಕಂದು ಬಣ್ಣದ, ಗಬ್ಬು ನಾರುವ ಚುಕ್ಕೆ ಗೇರ್‌ಬಾಕ್ಸಿನ ಎಣ್ಣೆ. ನೀರಿನ ಹಾಗೆ ತೆಳ್ಳಗೆ, ಇದ್ದೂ ಇಲ್ಲದಂತೆ ಹರಡಿ, ಮೂಗಿಗೆ ಹಿಡಿದಾಗ ಔಡಲೆಣ್ಣೆಯ ವಾಸನೆ ಬಂದರೆ ಅದು ಬ್ರೇಕಿನೆಣ್ಣೆ.

“ಗಾಡಿ ಮಾಲಕ ಸುಳ್ಳ ಹೇಳತಾನ, ಡ್ರೈವರ್ ಸುಳ್ಳ ಹೇಳತಾನ, ಒಮ್ಮೊಮ್ಮಿ ನಾನೂ ಹೇಳತೀನಿ. ಧೋತರ ಹೇಳಂಗಿಲ್ಲ” ಎನ್ನುತ್ತಿದ್ದರು. ಆ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಹಲ್ಲು ಕಚ್ಚಿಕೊಂಡೇ ಕೇಳಿದ್ದೇನೆ.

ಯಲಬುರ್ಗಾದಿಂದ ಕುಷ್ಟಗಿಯ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ ಅವರ ಗ್ಯಾರೇಜು. ಗ್ಯಾರೇಜು ಅನ್ನುವುದು ನಮ್ಮ ಸೌಜನ್ಯ. ಇದ್ದದ್ದು ಒಂದು ಬೇವಿನ ಗಿಡ, ನಾಲ್ಕು ತಗಡಿನ ನೆರಳು, ಬೋಲ್ಟು ಬಿಚ್ಚುವ ಪಾನಾಗಳು ತುಂಬಿದ ಒಂದು ಕಬ್ಬಿಣದ ಪೆಟ್ಟಿಗೆ. ಹಿಂದೆಯೇ ಅವರ ಮನೆ. ಮಿಸ್ತ್ರಿ ಸಣಕಲು ಆಳು. ಚೌಕಡಿ ಲುಂಗಿ, ಖಾಕಿ ಅಂಗಿ, ಅಂಗಿಯ ಜೇಬಿನಲ್ಲಿ ಯಾವತ್ತೂ ಬರೆಯದ ಒಂದು ಪೆನ್ನು. ಬೋಲ್ಟು ಬಿಗಿ ಮಾಡುವಾಗ ಯಾರು ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲ. ಒಂದು ಸಲ ತಹಸೀಲ್ದಾರರೇ ಬಂದು ನಿಂತಿದ್ದಾಗಲೂ ಕೈಯೆತ್ತಿ ಸುಮ್ಮನಿರಲು ಸನ್ನೆ ಮಾಡಿ, ಆರೂ ಬೋಲ್ಟು ಮುಗಿಸಿ ಆಮೇಲೆ ನಮಸ್ಕಾರ ಹೇಳಿದ್ದರಂತೆ.

ಅವರಿಗೆ ಗಾಡಿ ಕೆಟ್ಟ ಮೇಲೆ ತರುವವರನ್ನು ಕಂಡರೆ ಆಗುತ್ತಿರಲಿಲ್ಲ. ಕೆಡದ ಗಾಡಿಯನ್ನೇ ತರಬೇಕು, ಅದೂ ತಿಂಗಳಿಗೊಮ್ಮೆ, ಅದೂ ಅಮಾವಾಸ್ಯೆಯ ದಿನ. ನಮ್ಮ ಜೀಪಿನ ಮೈಲಿನ ಮುಳ್ಳು ನಾವು ಕೊಳ್ಳುವ ಮುಂಚೆಯೇ ನಿಂತುಹೋಗಿತ್ತು. ಹೀಗಾಗಿ ಇಷ್ಟು ಮೈಲಿಗೊಮ್ಮೆ ಎಂಬ ಮಾತೇ ಇರಲಿಲ್ಲ. “ಅಮಾಸಿ ದಿನ ಎತ್ತಿನ ಹೆಗಲಿಗೆ ನೊಗ ಇಡತೀರೇನು? ಇಲ್ಲ. ಹೆಣ್ಣ ನೋಡಾಕ ಹೊಂಡತೀರೇನು? ಇಲ್ಲ. ಮತ್ತ ಗಾಡಿಗೂ ಅದ ಪುರಸೊತ್ತಿನ ದಿನ” ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಪಂಚಾಂಗ ನೋಡುವುದು ತಪ್ಪಿದರೂ ಅವರ ಮನೆಯಲ್ಲಿ ತಪ್ಪುತ್ತಿರಲಿಲ್ಲ. ಎರಡು ದಿನ ಮೊದಲೇ ಯಾರ ಕೈಯಲ್ಲಾದರೂ ಹೇಳಿ ಕಳಿಸುತ್ತಿದ್ದರು: ನಾಡಿದ್ದು ಅಮಾಸಿ, ಗಾಡಿ ಮರೀಬ್ಯಾಡ್ರಿ.

ಅಪ್ಪನಿಗೆ ಇದು ದೇವರ ಮಾತು. ಸರ್ಕಾರಿ ಹರಾಜಿನಲ್ಲಿ ಆ ಹಳೆಯ ಜೀಪನ್ನು ಅಪ್ಪ ಕೊಂಡಾಗ ಆಯ್ದುಕೊಟ್ಟವರೇ ಮಿಸ್ತ್ರಿ. ನನಗೋ ಇದು ಪ್ರಾಣಸಂಕಟ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನನಗೆ ಬೇವೂರಿನ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲೇ ಮನೆ ಮಾಡಿಕೊಂಡು ಒಬ್ಬಳೇ ಇರಲು ಅಪ್ಪ ಒಪ್ಪಲಿಲ್ಲ. ಮನೆಯಲ್ಲಿ ಗಂಡುಮಕ್ಕಳಿಲ್ಲ, ಅಪ್ಪನಿಗೆ ಮೊಣಕಾಲು ನೋವು. ಡ್ರೈವರ್ ಬಿಟ್ಟುಹೋಗುವ ಮುಂಚೆ ಅವನ ಹತ್ತಿರ ನಾನು ಜೀಪು ಕಲಿತಿದ್ದೆ. ನಾನೇ ಜೀಪು ನಡೆಸಿಕೊಂಡು ಹೋಗಿ ಬರುತ್ತೇನೆ ಎಂದೆ. ಮೂರು ದಿನ ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ಕೊನೆಗೆ ಅಪ್ಪ ಎರಡು ಷರತ್ತು ಹಾಕಿದರು. ಒಂದು, ಜೊತೆಗೆ ಅವ್ವ ಕೂರಬೇಕು. ಎರಡು, “ಮೌಲಾಸಾಬ ಗಾಡಿ ನೋಡಿ ಹೂಂ ಅನ್ನೂತನಕಾ ಚಾವಿ ಮುಟ್ಟಾಂಗಿಲ್ಲ.”

ಹಾಗಾಗಿ ನನ್ನ ನೌಕರಿ ಆ ಧೋತರದ ಮೇಲೆ ನಿಂತಿತು. ಸರ್ಕಾರಕ್ಕೆ ಅಮಾವಾಸ್ಯೆಯ ರಜೆ ಇಲ್ಲ. ಪ್ರತಿ ತಿಂಗಳು ಅಮಾವಾಸ್ಯೆಗೆ ಒಂದು ದಿನದ ಸೂಟಿ ಹಾಕಬೇಕು. ಮರುದಿನ ಮುಂಜಾನೆ ಧೋತರದಲ್ಲಿ ಚುಕ್ಕೆ ಕಂಡರೆ ಇನ್ನೊಂದು ದಿನ. ಮಿಸ್ತ್ರಿ ಧೋತರ ಮಡಿಚಿ ಹೆಗಲ ಮೇಲೆ ಹಾಕಿಕೊಂಡು, ನನ್ನ ಮುಖ ನೋಡದೆ, “ಇವತ್ತ ಒಯ್ಯಬ್ಯಾಡ ಬೇಟಿ, ನಾಳಿ ಬಾ” ಎನ್ನುತ್ತಿದ್ದರು. ಹಳೆಯ ಜೀಪಿನ ಕೆಳಗೆ ಹಾಸಿದ ಧೋತರದಲ್ಲಿ ಚುಕ್ಕೆ ಬೀಳದೆ ಇರಲು ಸಾಧ್ಯವೇ? ನಮ್ಮ ಹೆಡ್‌ಮಾಸ್ತರರು ಹಾಜರಿ ಪುಸ್ತಕ ತಿರುವಿ, “ಅಕ್ಕೋರ, ನಿಮ್ಮ ಜೀಪಿಗೆ ತಿಂಗಳಾ ತಿಂಗಳಾ ಜ್ವರಾ ಬರತಾವೇನ್ರಿ?” ಎಂದು ಎಲ್ಲರ ಮುಂದೆ ಕೇಳಿದ ದಿನ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಒಂದು ಸಲ ತಡೆಯಲಾರದೆ ಜಗಳಕ್ಕೇ ನಿಂತೆ. “ಮಿಸ್ತ್ರಿ ಕಾಕಾ, ಇದಕ್ಕ ಏನ್ ಆಗೇತಿ ಅಂತ ಹೇಳ್ರಿ. ಛಲೋ ನಡಿಯೂ ಗಾಡಿ ಯಾಕ ಬಿಚ್ಚತೀರಿ?”

“ಏನೂ ಆಗಿಲ್ಲ.”

“ಮತ್ತ?”

“ಏನೂ ಆಗಿಲ್ಲ ಅನ್ನೂದ ನಿನಗ ಹೆಂಗ ಗೊತ್ತಾತು? ನಾ ಬಿಚ್ಚಿ ನೋಡಿ ಹೇಳಿದ ಮ್ಯಾಲಲ್ಲ?” ಎಂದು ನಕ್ಕರು. ಆಮೇಲೆ ಒಂದು ಗೋಣಿಚೀಲ ತಂದು ಜೀಪಿನ ಕೆಳಗೆ ಹಾಸಿ, ಗ್ರೀಸಿನ ಪಂಪು ನನ್ನ ಕೈಗೆ ಕೊಟ್ಟು, “ಬರ್ರಿ ಅಕ್ಕೋರ, ಒಳಗ ಬರ್ರಿ” ಎಂದರು. ಅವರು ಸಮಾಧಾನದಲ್ಲಿದ್ದಾಗ ನನ್ನನ್ನು ಬೇಟಿ ಎನ್ನುತ್ತಿದ್ದರು, ಸಿಟ್ಟು ಬಂದಾಗ ಅಕ್ಕೋರ. ನಾನು ಇಸ್ತ್ರಿ ಮಾಡಿದ ಸೀರೆಯಲ್ಲಿದ್ದೆ. ರಸ್ತೆಯ ಮೇಲೆ ಹೋಗುತ್ತಿದ್ದವರು ಸೈಕಲ್ ಇಳಿದು ನೋಡುತ್ತಿದ್ದರು. ಹಟಕ್ಕೆ ಬಿದ್ದು ಮಲಗಿಯೇ ಬಿಟ್ಟೆ. ಅವರು ಹೊರಗೆ ಕುಕ್ಕರಗಾಲಲ್ಲಿ ಕುಳಿತು ತೋರಿಸುತ್ತ ಹೋದರು: ಇಲ್ಲಿ ಗ್ರೀಸು, ಅಲ್ಲಿ ಗ್ರೀಸು, ಇದು ಬ್ರೇಕಿನ ನಳಿಗೆ, ಇದು ಕೈಬ್ರೇಕಿನ ಸರಳು. “ಕಾಲಬ್ರೇಕ್ ಕೈ ಕೊಟ್ಟರ ಇದಕ್ಕ ಅದರ ಹಂಗಿಲ್ಲ, ಇದು ಬ್ಯಾರೆ. ಗೇರ್ ಇಳಿಸಬೇಕು, ಇದನ್ನ ಎಳೀಬೇಕು, ಗಾಬರಿ ಆಗಬಾರದು” ಎಂದು ಮೂರು ಸಲ ಹೇಳಿಸಿದರು. ಎದ್ದಾಗ ಸೆರಗು ಗ್ರೀಸಾಗಿತ್ತು. ಸೀಮೆಎಣ್ಣೆ ಹಚ್ಚಿ ತೊಳೆದರೂ ಹೋಗಲಿಲ್ಲ.

ಮನೆಯಲ್ಲಿ ಅವ್ವನ ಗೋಳು ಬೇರೆಯೇ. ತಿಂಗಳಿಗೊಂದು ಧೋತರ ಹಾಳು. ನಮ್ಮ ಹೊಲದ ಆಳುಗಳೆಲ್ಲ ಕರಿ ಚುಕ್ಕೆಯ ಧೋತರ ಉಟ್ಟು ತಿರುಗುತ್ತಿದ್ದರು. ದೂರದಿಂದಲೇ ಇವರು ಯಾರ ಮನೆಯವರು ಎಂದು ಗೊತ್ತಾಗುತ್ತಿತ್ತು. ಒಮ್ಮೆ ಅವ್ವ ಕಳಿಸಿದ ಧೋತರದಲ್ಲಿ ಅರಿಷಿಣದ ಒಂದು ಕಲೆ ಇತ್ತೆಂದು ಮಿಸ್ತ್ರಿ ತಿರುಗಿ ಕಳಿಸಿದರು. ಅಂದಿನಿಂದ ಅವ್ವ ಒಂದರ ಬದಲು ಎರಡು ಒಯ್ಯುತ್ತಿದ್ದಳು, ಇದಲ್ಲದಿದ್ದರೆ ಅದು. ಆ ಎರಡನೆಯ ಧೋತರವೇ ಎಲ್ಲಕ್ಕೂ ಕಾರಣವಾಯಿತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾರಣ ಧೋತರವಲ್ಲ, ನಾನು.

ಆ ತಿಂಗಳು ಅಮಾವಾಸ್ಯೆಯ ಮರುದಿನವೇ ಶಾಲಾ ಇನ್‌ಸ್ಪೆಕ್ಟರು ಬೇವೂರಿಗೆ ಬರುವುದಿತ್ತು. ನನ್ನ ಪಾಠ ನೋಡಿ ಅವರು ಬರೆಯುವ ನಾಲ್ಕು ಸಾಲಿನ ಮೇಲೆ ನೌಕರಿ ಕಾಯಂ ಆಗುವುದೋ ಬಿಡುವುದೋ ತೀರ್ಮಾನವಾಗುತ್ತಿತ್ತು. ಈ ತಿಂಗಳೊಂದು ಬಿಟ್ಟುಬಿಡಿ ಎಂದು ಮಿಸ್ತ್ರಿಯವರಿಗೆ ಕೈ ಮುಗಿದು ಕೇಳಿದೆ. “ನಾಳಿ ಎಂಟಕ್ಕ ಗಾಡಿ ನಿನ್ನ ಕೈಯಾಗ” ಎಂದರೇ ಹೊರತು ಬಿಡಲಿಲ್ಲ. ಆ ದಿನ ನಾಲ್ಕೂ ಗಾಲಿ ಬಿಚ್ಚಿ, ಹಿಂದಿನ ಬಲಗಾಲಿಯ ಬ್ರೇಕಿನ ರಬ್ಬರು ಬದಲಿಸಿದರು. ಸಂಜೆ ಎಂದಿನಂತೆ ಧೋತರ ಹಾಸಿದರು.

ಮರುದಿನ ಹೊತ್ತು ಹುಟ್ಟುವುದಕ್ಕೂ ನಾವು ಅಲ್ಲಿಗೆ ಹೋಗುವುದಕ್ಕೂ ಸರಿಹೋಯಿತು. ಮಿಸ್ತ್ರಿ ಇನ್ನೂ ಬಂದಿರಲಿಲ್ಲ. ಅವರ ಹೆಂಡತಿ ಕಾಶಿಂಬಿ ಅವ್ವನನ್ನು ಚಹಕ್ಕೆ ಒಳಗೆ ಕರೆದರು. ನಾನೊಬ್ಬಳೇ ಗಿಡದ ಕೆಳಗೆ ನಿಂತೆ. ಎರಡು ನಿಮಿಷ ನಿಂತೆ. ಆಮೇಲೆ ಬಗ್ಗಿ ಧೋತರ ಎಳೆದೆ.

ಹಿಂದಿನ ಬಲಗಾಲಿಯ ಹತ್ತಿರದ ಜಾಗದಲ್ಲಿ ಅಂಗೈ ಅಗಲದ ಒದ್ದೆ ಇತ್ತು. ಕರಿಯಲ್ಲ, ಕಂದಲ್ಲ. ನಿನ್ನೆ ಜೀಪು ತೊಳೆದಿದ್ದಾರೆ, ಆ ನೀರು ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮೂಗಿನ ಹತ್ತಿರ ಹಿಡಿದಿದ್ದರೆ ತಿಳಿದುಬಿಡುತ್ತಿತ್ತು. ಅದಕ್ಕೇ ಹಿಡಿಯಲಿಲ್ಲ. ಆ ಧೋತರ ಸುತ್ತಿ ಹಿಂದಿನ ಸೀಟಿನ ಕೆಳಗೆ ತುರುಕಿ, ಅವ್ವನ ಚೀಲದಿಂದ ಎರಡನೆಯದನ್ನು ತೆಗೆದು ಹಾಸಿ, ನಾಲ್ಕು ಕಲ್ಲು ಮತ್ತೆ ಇಟ್ಟೆ. ಇದೂ ಒದ್ದೆಯಾಗದಿರಲೆಂದು ಪೆಡಲಿನ ಕಟ್ಟಿಗೆಯನ್ನೂ ತೆಗೆದಿಟ್ಟೆ.

ಮಿಸ್ತ್ರಿ ಬಂದು ಧೋತರ ಎಳೆದರು. ಬಿಸಿಲಿಗೆ ಹಿಡಿದರು. ಈ ತುದಿಯಿಂದ ಆ ತುದಿಗೆ ಹೋದರು, ತಿರುಗಿ ಬಂದರು. ಬೈಯುತ್ತಾರೆ, ಹಿಡಿದುಬಿಡುತ್ತಾರೆ ಎಂದುಕೊಂಡೆ. ಅವರ ಮುಖ ನೋಡಿದರೆ ಹಬ್ಬದ ಕಳೆ.

“ಯಾ ಅಲ್ಲಾ! ಒಂದ ಚಿಕ್ಕಿ ಇಲ್ಲ! ಲೇ ಕಾಶಿಂಬಿ, ಹೊರಗ ಬಾ. ಅವ್ವಾರನ್ನೂ ಕರಿ. ಮೂವತ್ತು ವರ್ಷ ಆತು ಈ ಕೆಲಸಕ್ಕ ನಿಂತು, ಹಿಂಗ ಒಂದ ಧೋತರ ನೋಡಿದ್ದಿಲ್ಲ!” ಎಂದು ಕೂಗಿದರು. ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನವನನ್ನು ನಿಲ್ಲಿಸಿ ತೋರಿಸಿದರು. ನಾನು, “ಕಾಕಾ, ಹೊತ್ತಾತು” ಎಂದೆ. ಪ್ರತಿ ಸಲವೂ ಕೊನೆಗೆ ಬ್ರೇಕಿನೆಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ಬೆರಳದ್ದಿ ನೋಡುತ್ತಿದ್ದವರು, ಅಂದು ಅದನ್ನೂ ನೋಡಲಿಲ್ಲ. “ಧೋತರನ ಹೇಳೇತಿ, ಇನ್ನೇನ್ ನೋಡೂದೈತಿ. ನಡಿ ಬೇಟಿ” ಎಂದರು. ನಾವು ಹೊರಟಾಗ ಆ ಧೋತರವನ್ನು ಬೇವಿನ ಟೊಂಗೆಗೆ ಕಟ್ಟುತ್ತಿದ್ದರು, ಹೋಗಿ ಬರುವವರಿಗೆಲ್ಲ ಕಾಣಲೆಂದು.

ಅರ್ಧ ದಾರಿಯಲ್ಲಿ, ಹಳ್ಳಕ್ಕೆ ಇಳಿಯುವ ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂತು. ಬ್ರೇಕು ಒತ್ತಿದೆ. ಪೆಡಲು ಹಾಗೇ ನೆಲಕ್ಕೆ ಹೋಯಿತು. ಮತ್ತೆ ಒತ್ತಿದೆ, ಏನೂ ಇಲ್ಲ. ಕುರಿ ಕಾಯುವವನು ಎರಡೂ ಕೈ ಎತ್ತಿ ಕೂಗುತ್ತಿದ್ದುದು ಕಂಡಿತು. ಗೇರ್ ಇಳಿಸಬೇಕು, ಇದನ್ನ ಎಳೀಬೇಕು, ಗಾಬರಿ ಆಗಬಾರದು. ಗೇರು ಇಳಿಸಿದೆ, ಕೈಬ್ರೇಕು ಎಳೆದೆ, ಗಾಬರಿಯೂ ಆದೆ. ಜೀಪು ಬದು ಹಾರಿ, ಜೋಳದ ಕೂಳೆಯ ಹೊಲದಲ್ಲಿ ಹೋಗಿ ನಿಂತಿತು. ಕುರಿಗಳಿಗೆ ಏನೂ ಆಗಲಿಲ್ಲ. ಅವ್ವ ಮುಂದಿನ ಕಂಬಿಗೆ ಬಡಿದು ಬಲಗೈ ಹಿಡಿದುಕೊಂಡು ಕೂತಿದ್ದಳು. ಮಣಿಕಟ್ಟು ಮುರಿದಿತ್ತು.

ಇನ್‌ಸ್ಪೆಕ್ಟರು ಆ ದಿನ ಬರಲೇ ಇಲ್ಲ. ಮುಂದಿನ ವಾರ ಬಂದರು.

ಮರುದಿನ ಅಪ್ಪ ನನ್ನನ್ನೂ ಕರೆದುಕೊಂಡು ಮಿಸ್ತ್ರಿಯವರ ಹತ್ತಿರ ಹೋದರು. ಧೋತರ ಇನ್ನೂ ಟೊಂಗೆಯ ಮೇಲೆ ಇತ್ತು. ನಮಗಿಂತ ಮೊದಲೇ ಸುದ್ದಿ ಮುಟ್ಟಿ ನಾಲ್ಕು ಮಂದಿ ಸೇರಿದ್ದರು. ಅಪ್ಪ ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಅಂದು ಧೋತರ ಕಿತ್ತು ಅವರ ಕಾಲ ಹತ್ತಿರ ಎಸೆದು, “ಇದನ್ನ ನೋಡಿ ಹೂಂ ಅಂದೇನು? ಕಣ್ಣ ಇಲ್ಲೇನು ನಿನಗ? ಮನಿ ಹೆಣಮಕ್ಕಳನ್ನ ನಿನ್ನ ನಂಬಿ ಕಳಿಸಿದ್ದೆ” ಎಂದರು.

ಮಿಸ್ತ್ರಿ ಧೋತರ ಎತ್ತಿಕೊಂಡರು. ಮಣ್ಣು ಕೊಡವಿದರು. “ತಪ್ಪಾತ್ರಿ ಗೌಡ್ರ. ನನ್ನ ಕಣ್ಣು ತಪ್ಪಿದ್ದು. ಅವ್ವಾರ ಕೈ ಹೆಂಗೈತ್ರಿ?” ಎಂದರು. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದಿದ್ದರೆ ಚಾವಿ ಹೋಗುತ್ತಿತ್ತು, ಚಾವಿಯ ಜೊತೆ ನೌಕರಿ ಹೋಗುತ್ತಿತ್ತು. ತೆರೆಯಲಿಲ್ಲ. ಆ ದಿನದ ಬಗ್ಗೆ ನನ್ನ ಮೇಲೆ ನನಗೆ ಇರುವಷ್ಟು ಸಿಟ್ಟು ಮಿಸ್ತ್ರಿಯವರ ಮೇಲೆ ಅಷ್ಟು ತಿಂಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಸೀಟಿನ ಕೆಳಗಿನ ಧೋತರವನ್ನು ಬಚ್ಚಲ ಒಲೆಗೆ ಹಾಕಿದೆ. ಒಂದು ಧೋತರ ಕಡಿಮೆಯಾದದ್ದನ್ನು ಅವ್ವ ಎಂದೂ ಕೇಳಲಿಲ್ಲ. ಅವಳ ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ಆಮೇಲೆ ಅವಳು ಬಡಿದ ರೊಟ್ಟಿಗಳೆಲ್ಲ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಅಪ್ಪ ಏನೂ ಅನ್ನದೆ ತಿನ್ನುತ್ತಿದ್ದರು, ನಾನೂ ತಿನ್ನುತ್ತಿದ್ದೆ.

ಜೀಪನ್ನು ಕೊಪ್ಪಳದ ಬೇರೆ ಗ್ಯಾರೇಜಿಗೆ ಬಿಡತೊಡಗಿದೆವು. ಅಲ್ಲಿ ಧೋತರ ಕೇಳುತ್ತಿರಲಿಲ್ಲ, ಅರ್ಧ ದಿನದಲ್ಲಿ ಗಾಡಿ ಕೊಡುತ್ತಿದ್ದರು. ನನ್ನ ನೌಕರಿ ಕಾಯಂ ಆಯಿತು. ಇತ್ತ ಮಿಸ್ತ್ರಿಯವರ ಬೇವಿನ ಗಿಡದ ಕೆಳಗೆ ಗಾಡಿಗಳು ಕಡಿಮೆಯಾದವು. ಬಂದವರಿಗೂ ಅವರೇ, “ಬ್ರೇಕಿನ ಕೆಲಸ ಒಂದ ಬ್ಯಾಡ್ರಿ, ನನ್ನ ಕಣ್ಣ ನಂಬೂ ಹಂಗಿಲ್ಲ” ಎಂದು ಹೇಳಿ ಕಳಿಸುತ್ತಿದ್ದರಂತೆ. ಕೆಲವು ವರ್ಷಗಳ ಮೇಲೆ ಎಲ್ಲ ಮಾರಿ ಕೊಪ್ಪಳದಲ್ಲಿದ್ದ ಮಗಳ ಮನೆಗೆ ಹೋದರು ಎಂದು ಕೇಳಿದೆ. ಹೋಗಿ ಹೇಳಿಬಿಡಬೇಕು ಎಂದು ಎಷ್ಟು ಸಲ ಹೊರಟಿಲ್ಲ! ಪ್ರತಿ ಸಲ ಏನೋ ಒಂದು ನೆಪ ಸಿಗುತ್ತಿತ್ತು. ಆದರೆ ಜೀಪಿನ ಸೀಟಿನ ಕೆಳಗೆ ಒಂದು ಒಗೆದ ಧೋತರ ಇಟ್ಟುಕೊಳ್ಳುವುದು ಮಾತ್ರ ಯಾಕೋ ರೂಢಿಯಾಯಿತು.

ಒಂಬತ್ತು ವರ್ಷ ಕಳೆದ ಮೇಲೆ ನನಗೆ ಕೊಪ್ಪಳಕ್ಕೆ ವರ್ಗವಾಯಿತು. ಸಂತೆಯಲ್ಲಿ ಕಾಶಿಂಬಿ ಸಿಕ್ಕರು. “ಭಾಳ ನೆನಸತಾರವಾ ನಿನ್ನ. ಜೀಪ ತಗೊಂಡ ಬಾ” ಎಂದರು. ಆ ಭಾನುವಾರ ಮುಂಜಾನೆ ಹೋದೆ.

ಮಿಸ್ತ್ರಿ ಕಟ್ಟೆಯ ಮೇಲೆ ಕೂತಿದ್ದರು. ಜೀಪಿನ ಸಪ್ಪಳಕ್ಕೇ ಎದ್ದು ನಿಂತರು. ಹತ್ತಿರ ಬಂದು ಬಾನೆಟ್ಟಿನ ಮೇಲೆ ಕೈಯಾಡಿಸಿ, “ಮುದುಕಿ ಆದ್ಲು” ಎಂದರು. ಅದೇ ಲುಂಗಿ, ಅದೇ ಪೆನ್ನು. ಕಣ್ಣಿನಲ್ಲಿ ಬಿಳಿ ಪೊರೆ ಬಂದಿತ್ತು. “ಧೋತರ ತಂದೀಯೇನು ಬೇಟಿ?” ಎಂದು ಚೇಷ್ಟೆಗೆ ಕೇಳಿದರು. ನಾನು ಸೀಟಿನ ಕೆಳಗಿಂದ ತೆಗೆದು ಕೊಟ್ಟೆ. ಕೈಯಿಂದ ತಡವುತ್ತ ತಾವೇ ಹಾಸಿದರು. ಪೆಡಲಿಗೆ ಒಂದು ಕೋಲು ಸಿಗಿಸಿದರು. ನಾವು ಒಳಗೆ ಹೋಗಿ ಊಟ ಮಾಡಿದೆವು. ಅವ್ವನ ಕೈಯ ಬಗ್ಗೆ ಕೇಳಿದರು. ಛಲೋ ಐತಿ ಎಂದೆ.

ಹೊರಗೆ ಬಂದು ಧೋತರ ಎಳೆದು ಬಿಸಿಲಿಗೆ ಹಿಡಿದರು. ಭಾಳ ಹೊತ್ತು ಹಿಡಿದರು.

“ನನಗ ಬರೇ ಬಿಳೀದು ಕಾಣತೈತಿ ಬೇಟಿ. ಆವತ್ತೂ ಹಿಂಗ ಕಂಡಿತ್ತು. ನೀ ನೋಡಿ ಹೇಳು, ಏನರ ಐತೇನು?”

ಎರಡು ಬೆರಳಗಲದ ಒದ್ದೆ ಇತ್ತು. ಈ ಸಲ ಮೂಗಿಗೆ ಹಿಡಿದೆ.

“ಐತ್ರಿ ಕಾಕಾ. ಬ್ರೇಕಿನೆಣ್ಣಿ. ಮುಂದಿನ ಎಡಗಾಲಿ.” ಧೋತರ ಮುಖದಿಂದ ಇಳಿಸಿದೆ. “ಆವತ್ತೂ ಇತ್ರಿ. ನಾನ ಧೋತರ ಬದಲ ಮಾಡಿದ್ದೆ.”

ಅವರು ತಲೆ ಎತ್ತಲಿಲ್ಲ. ಧೋತರದ ತುದಿ ಕೈಯಲ್ಲೇ ಇತ್ತು.

“ಎಷ್ಟ ದೊಡ್ಡದಿತ್ತು?”

“ಅಂಗೈಯಷ್ಟು.”

“ಹಿಂದಿನ ಬಲಗಾಲಿ.”

“ಹೂಂ.”

“ಆ ರಬ್ಬರ್ ಒಂದ ನೂಲಿನ ಎಳಿಯಷ್ಟ ಸಣ್ಣದೈತಿ ಅಂತ ನನಗ ಅನುಮಾನ ಇತ್ತು. ಇರ್ಲಿ, ಮುಂಜಾನಿ ಧೋತರ ಹೇಳತೈತಿ ಅಂತ ಬಿಟ್ಟಿದ್ದೆ” ಎಂದರು. ಧೋತರದ ಮೇಲೆ ಬೆರಳಾಡಿಸಿ, “ಹೇಳಿತ್ತು ಹಂಗಾರ” ಎಂದರು.

ನಾನು ಅಳುತ್ತಿದ್ದೆ. ಅವರು ಧೋತರ ಮಡಿಚಿ ಹೆಗಲ ಮೇಲೆ ಹಾಕಿಕೊಂಡರು. ನನ್ನ ಕಡೆ ನೋಡದೆ, “ಇವತ್ತ ಒಯ್ಯಬ್ಯಾಡ್ರಿ ಅಕ್ಕೋರ, ನಾಳಿ ಬರ್ರಿ” ಎಂದು ಒಳಗೆ ಹೋದರು.

ಜೀವನದಲ್ಲಿ ಮೊದಲ ಸಲ ಆ ಮಾತಿಗೆ ಎದುರಾಡದೆ ಚಾವಿ ಇಟ್ಟು ಬಂದೆ. ಮರುದಿನ ಸೂಟಿ ಹಾಕಿ ಮುಂಜಾನೆಯೇ ಹೋದೆ. ಜೀಪು ಅಂಗಳದಲ್ಲಿತ್ತು, ಕೆಳಗೆ ಧೋತರ ಹಾಸಿತ್ತು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಕಾಶಿಂಬಿ ಬಾಗಿಲಲ್ಲಿ ನಿಂತಿದ್ದರು. ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಜೆಯವರೆಗೆ ಅವರೇ ಕೈಯಿಂದ ತಡವಿ ರಬ್ಬರು ಹಾಕಿದ್ದಾರೆ ಎಂದರು.

“ಕಾಕಾ?”

“ಮಲಗ್ಯಾರ. ಅಕ್ಕೋರಿಗೆ ಹೇಳು ಅಂದಾರ, ಧೋತರ ಅವರ ನೋಡಲಿ, ಅವರ ಹೂಂ ಅನ್ನಲಿ, ಗಾಡಿ ಒಯ್ಯಲಿ ಅಂತ.”

ಧೋತರ ಎಳೆದು ಬಿಸಿಲಿಗೆ ಹಿಡಿದೆ. ಧೂಳಿತ್ತು, ಎರಡು ಒಣ ಎಲೆ ಅಂಟಿದ್ದವು. ಈ ತುದಿಯಿಂದ ಆ ತುದಿಯವರೆಗೆ ಹೋದೆ, ತಿರುಗಿ ಬಂದೆ. ಎಲ್ಲೂ ಒಂದು ಚುಕ್ಕೆ ಇರಲಿಲ್ಲ. “ಹೂಂ” ಎಂದೆ, ಒಳಗೆ ಕೇಳಿಸಲೆಂದು ಸ್ವಲ್ಪ ಗಟ್ಟಿಯಾಗಿಯೇ ಎಂದೆ. ಒಳಗಿಂದ ಅವರು ಕೆಮ್ಮಿದ್ದು ಕೇಳಿಸಿತು. ಹೊರಗೆ ಬರಲಿಲ್ಲ. ಆಮೇಲೆ ನಾನು ಅವರನ್ನು ನೋಡಲಿಲ್ಲ.